ಅರ್ಧ ಟಿಕೆಟ್ಟಿನ ಸಾಹಿತಿ

ನವೆಂಬರು ಮುಗಿಯಿತೆಂದರೆ ನಮ್ಮ ಕರಾವಳಿಯಲ್ಲಿ ಎರಡು ತಿರುಗಾಟ ಜೋರಾಗುತ್ತದೆ. ಒಂದು ಯಕ್ಷಗಾನ ಮೇಳಗಳದ್ದು, ಇನ್ನೊಂದು ಸಾಹಿತಿಗಳದ್ದು. ಮೇಳದವರಿಗೆ ಪತ್ತನಾಜೆ ಅಂತ ಒಂದು ದಿನ ಉಂಟು. ಆವತ್ತು ಗೆಜ್ಜೆ ಬಿಚ್ಚಿಟ್ಟು ಮಳೆಗಾಲ ಕಳೆಯುವವರೆಗೆ ಸುಮ್ಮನಾಗುತ್ತಾರೆ. ಸಾಹಿತಿಗಳಿಗೆ ಪತ್ತನಾಜೆ ಇಲ್ಲ. ಮೈಕು ಇದ್ದಲ್ಲೆಲ್ಲ ನಮಗೆ ವರ್ಷವಿಡೀ ಆಟ.

ಈ ಎರಡನೇ ಮೇಳದಲ್ಲಿ ನಾನೊಬ್ಬ ಸಣ್ಣ ವೇಷಧಾರಿ. ಮಕ್ಕಳ ಕಥೆ ಬರೆಯುತ್ತೇನೆ. ಪೂರ್ವರಂಗದ ಕೋಡಂಗಿ ಇರುತ್ತಾನಲ್ಲ, ಜನ ಬಂದು ಕೂರುವ ಮೊದಲೇ ನಾಲ್ಕು ಹೆಜ್ಜೆ ಹಾಕಿ ಬಣ್ಣ ಹಚ್ಚುವ ಚೌಕಿಗೆ ವಾಪಸಾಗುವವ, ಹೆಚ್ಚುಕಡಿಮೆ ಅವನ ದರ್ಜೆ ನನ್ನದು. ವ್ಯತ್ಯಾಸ ಇಷ್ಟೇ, ಕೋಡಂಗಿಗೆ ಚೆಂಡೆಯಾದರೂ ಬಾರಿಸುತ್ತಾರೆ.

ಕಳೆದ ಸಲ ಉಡುಪಿಯ ಒಂದು ಸಾಹಿತ್ಯ ಉತ್ಸವದಿಂದ ಫೋನ್ ಬಂತು.

“ಮಾಷ್ಟ್ರೆ, ನೀವು ಬರ್ಲೇಬೇಕು.”

ನಾನು ಮಾಷ್ಟ್ರಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಇನ್ನೊಬ್ಬರ ದುಡ್ಡು ಎಣಿಸಿದವ. ಆದರೆ ಮಕ್ಕಳಿಗೆ ಬರೆಯುವವನು ಮಾಷ್ಟ್ರಲ್ಲದೆ ಬೇರೆ ಏನಾಗಿರಲು ಸಾಧ್ಯ ಎಂದು ಈ ಎರಡು ಜಿಲ್ಲೆಯ ಜನ ತೀರ್ಮಾನ ಮಾಡಿ ಆಗಿದೆ. ತಿದ್ದಲಿಕ್ಕೂ ಹೋಗುವುದಿಲ್ಲ. ನಾನು ದುಡಿದ ಬ್ಯಾಂಕು ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, 2020ರಲ್ಲಿ ಇನ್ನೊಂದು ಬ್ಯಾಂಕಿನ ಹೊಟ್ಟೆಯೊಳಗೆ ಸೇರಿ, ಈಗ ಅದರ ಬೋರ್ಡೇ ಇಲ್ಲ. ಯಾವ ಬ್ಯಾಂಕು ಅಂತ ಕೇಳಿದರೆ ಅರ್ಧ ಗಂಟೆ ವಿವರಿಸಬೇಕು. ಅದಕ್ಕಿಂತ ಮಾಷ್ಟ್ರಾಗಿ ಇರುವುದೇ ಸುಖ.

“ಎಷ್ಟು ಹೊತ್ತಿಗೆ ಬರಬೇಕು?”

“ಪೂರ್ತಿ ದಿನ ಬೇಡ ಮಾಷ್ಟ್ರೆ. ಮಕ್ಕಳದ್ದಲ್ವಾ, ಅರ್ಧ ದಿನ ಸಾಕು. ಬೆಂಗಳೂರಿನವರಿಗೆಲ್ಲ ವಿಮಾನ ಮಾಡಿದ್ದೇವೆ. ನೀವು ಮಂಗಳೂರಿನಿಂದ ಬಸ್ಸಿನಲ್ಲಿ ಬಂದುಬಿಡಿ. ಟಿಕೆಟ್ ಮಾತ್ರ ಜೋಪಾನ, ಆಫೀಸಿಗೆ ಕೊಡ್ಲಿಕ್ಕುಂಟು.”

ಅರ್ಧ ದಿನ ಎಂದು ಕೇಳಿ ನನಗೆ ಬೇಸರ ಆಗಲಿಲ್ಲ. ನಮ್ಮ ಲೆಕ್ಕವೇ ಅರ್ಧದ್ದು. ಕೇಂದ್ರ ಸಾಹಿತ್ಯ ಅಕಾಡೆಮಿ ದೊಡ್ಡವರ ಪುಸ್ತಕಗಳಿಗೆ 1955ರಿಂದ ಪ್ರಶಸ್ತಿ ಕೊಡುತ್ತಾ ಬಂತು. ಈ ದೇಶದಲ್ಲಿ ಮಕ್ಕಳೂ ಹುಟ್ಟುತ್ತಿದ್ದಾರೆ ಎಂದು ಗೊತ್ತಾಗಿ ಬಾಲ ಸಾಹಿತ್ಯ ಪುರಸ್ಕಾರ ಶುರುವಾದದ್ದು 2010ರಲ್ಲಿ. ದೊಡ್ಡವರ ಪ್ರಶಸ್ತಿಗೆ 1 ಲಕ್ಷ ರೂಪಾಯಿ, ಮಕ್ಕಳದ್ದಕ್ಕೆ 50,000. ಸರಿಯಾಗಿ ಅರ್ಧ. ಯಾರೋ ಬಸ್ಸಿನ ಕಂಡಕ್ಟರನ್ನು ಕೂರಿಸಿಕೊಂಡೇ ಲೆಕ್ಕ ಹಾಕಿರಬೇಕು.

ಆಮಂತ್ರಣ ಪತ್ರಿಕೆ ಬಂತು. ನಾಲ್ಕು ಮಡಿಕೆಯದ್ದು. ಮುಂದಿನ ಪುಟದಲ್ಲಿ ಮೂರು ಹೆಸರು, ಒಂದೊಂದೂ ಬಾಳೆಕಾಯಿಯಷ್ಟು ದಪ್ಪ. ಒಳಗೆ ಹೋದ ಹಾಗೆ ಹೆಸರುಗಳು ಜಾಸ್ತಿಯಾಗುತ್ತಾ ಅಕ್ಷರಗಳು ಸಣ್ಣದಾಗುತ್ತಾ ಹೋದವು. ನನ್ನ ಹೆಸರು ಹುಡುಕಲಿಕ್ಕೆ ಕನ್ನಡಕ ಸಾಕಾಗಲಿಲ್ಲ, ಹೆಂಡತಿ ಬರಬೇಕಾಯಿತು. ಕೊನೆಯ ಪುಟದಲ್ಲಿ ಇದ್ದೆ. ಮೇಲಿನ ಸಾಲು: “ಮಧ್ಯಾಹ್ನ ಊಟದ ವ್ಯವಸ್ಥೆ ಇದೆ.” ಕೆಳಗಿನ ಸಾಲು: “ಮಕ್ಕಳು ಸಮವಸ್ತ್ರದಲ್ಲಿ ಬರತಕ್ಕದ್ದು.” ನಡುವೆ ನಾನು. ಗೋಷ್ಠಿಯ ಸಮಯ 11.30. ವಿಷಯ “ಮಕ್ಕಳ ಸಾಹಿತ್ಯ: ಸಾಧ್ಯತೆ ಮತ್ತು ಸವಾಲುಗಳು”. ಇದು ಬಿಟ್ಟು ಬೇರೆ ವಿಷಯ ಇಡಬಾರದೆಂದು ಸರಕಾರದ ಆದೇಶ ಏನಾದರೂ ಉಂಟೋ ಎಂದು ನನಗೆ ಬಹಳ ಕಾಲದಿಂದ ಅನುಮಾನ.

ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿದರೆ ಗೇಟಿನಿಂದ ಸಭಾಂಗಣದ ಬಾಗಿಲಿನವರೆಗೆ ಎರಡೂ ಬದಿಯಲ್ಲಿ ಮಕ್ಕಳು. ಕೈಯಲ್ಲಿ ಹೂವಿನ ಎಸಳು ತುಂಬಿದ ತಟ್ಟೆ. ಎಂಟು ಗಂಟೆಯಿಂದ ನಿಂತಿದ್ದಾರಂತೆ. ಪರವಾಗಿಲ್ಲ, ಮಕ್ಕಳ ಸಾಹಿತಿಗೆ ಇಷ್ಟು ಮರ್ಯಾದೆಯಾ ಎಂದು ಎದೆ ಉಬ್ಬಿಸಿಕೊಂಡು ಹೆಜ್ಜೆ ಹಾಕಿದೆ. ಮೊದಲ ಹುಡುಗಿ ಎಸಳು ಹಾಕಲು ಕೈ ಎತ್ತಿದಳು. ಹಿಂದಿನಿಂದ ಟೀಚರು, “ಏಯ್, ಅವರಿಗಲ್ಲ!” ಎಂದರು. ಹುಡುಗಿ ಎತ್ತಿದ ಎಸಳನ್ನು ವಾಪಸು ತಟ್ಟೆಗೆ ಹಾಕಿದಳು. ಪಾಪ, ಉದ್ಘಾಟಕರು ಬಂದದ್ದು ಹತ್ತೂ ಮುಕ್ಕಾಲಿಗೆ. ಅಷ್ಟರಲ್ಲಿ ಎಸಳೂ ಬಾಡಿತ್ತು, ಮಕ್ಕಳೂ ಬಾಡಿದ್ದರು.

ವೇದಿಕೆಯಲ್ಲಿ ಹದಿನೇಳು ಕುರ್ಚಿ. ಕೆಳಗೆ ಮೊದಲ ಎರಡು ಸಾಲು ಗಣ್ಯರಿಗೆ, ಆಮೇಲಿನ ಎರಡು ಪತ್ರಕರ್ತರಿಗೆ ಮತ್ತು ಪ್ರಾಯೋಜಕರಿಗೆ. ಅಲ್ಲಿಂದ ಹಿಂದಕ್ಕೆ ಇಡೀ ಸಭಾಂಗಣ ನೀಲಿ ಚಡ್ಡಿ, ಬಿಳಿ ಅಂಗಿ. ನಾಲ್ಕು ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ತಂದಿದ್ದರು. ಸಂಘಟಕರೊಬ್ಬರು ನನ್ನ ಕಿವಿಯಲ್ಲಿ, “ಮಕ್ಕಳು ಇದ್ದರೆ ಫೋಟೋದಲ್ಲಿ ಹಾಲ್ ತುಂಬಿದ ಹಾಗೆ ಕಾಣ್ತದೆ ಮಾಷ್ಟ್ರೆ,” ಎಂದರು. ಅವರ ಪ್ರಾಮಾಣಿಕತೆಗೆ ಮೆಚ್ಚಿದೆ. ಮದುವೆ ಮನೆಯಲ್ಲಿ ಕುರ್ಚಿಗೆ ಬಿಳಿ ಬಟ್ಟೆ ಹೊದಿಸುವುದಿಲ್ಲವೇ, ಹಾಗೆ.

ದೀಪ ಹಚ್ಚಲಿಕ್ಕೆ ಹದಿನೇಳು ಜನ, ಬತ್ತಿ ಐದು. ಫ್ಯಾನಿನ ಗಾಳಿಗೆ ಐದೂ ಉರಿಯಲಿಲ್ಲ. ಫ್ಯಾನ್ ನಿಲ್ಲಿಸಿದರು. ದೀಪ ಉರಿಯಿತು, ಗಣ್ಯರು ಬೆವರಿದರು. ಫ್ಯಾನ್ ಹಾಕಿದರು. ದೀಪ ಆರಿತು. ಸ್ವಾಗತ, ಪ್ರಾಸ್ತಾವಿಕ, ಆಶಯ ಭಾಷಣ, ಉದ್ಘಾಟನಾ ಭಾಷಣ, ಪುಸ್ತಕ ಬಿಡುಗಡೆ, ಬಿಡುಗಡೆ ಮಾಡಿದ ಪುಸ್ತಕದ ಬಗ್ಗೆ ಭಾಷಣ, ಬಿಡುಗಡೆ ಮಾಡಿದವರ ಬಗ್ಗೆ ಭಾಷಣ. ಇದನ್ನೆಲ್ಲ ನೀವೂ ನೋಡಿದ್ದೀರಿ, ಬಿಡಿ.

ಒಂದು ವಿಷಯ ಮಾತ್ರ ಬಿಡುವ ಹಾಗಿಲ್ಲ. ಉದ್ಘಾಟಕರು ಏರಿದ ದನಿಯಲ್ಲಿ, ಇಂದಿನ ಮಕ್ಕಳು ಪುಸ್ತಕ ಮುಟ್ಟುವುದೇ ಇಲ್ಲ ಎಂದು ದುಃಖ ತೋಡಿಕೊಳ್ಳುತ್ತಿದ್ದರು. ನಾನು ಜಾಗ ಸಿಕ್ಕದೆ ಹಿಂದೆ ಮಕ್ಕಳ ಸಾಲಿನ ಕೊನೆಯಲ್ಲಿ ಕೂತಿದ್ದೆ. ನನ್ನ ಮುಂದೆ ಎರಡು ಜಡೆಯ ಒಬ್ಬಳು ಹುಡುಗಿ ತಲೆ ಬಗ್ಗಿಸಿಕೊಂಡಿದ್ದಳು. ನಿದ್ದೆ ಅಂದುಕೊಂಡೆ. ಇಣುಕಿದರೆ ಮಡಿಲಲ್ಲಿ ಪುಸ್ತಕ. ಹೊರಗಿನ ಮಳಿಗೆಯಲ್ಲಿ ಕೊಂಡದ್ದಿರಬೇಕು, ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು. ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತಾ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದಳು. ನಡುವೆ ಒಮ್ಮೆ ಕಿಸಕ್ಕನೆ ನಕ್ಕಳು. ಆ ನಗು ಭಾಷಣದ ದುಃಖದ ಜಾಗದಲ್ಲೇ ಬಿತ್ತು.

ಟೀಚರು ಬಗ್ಗಿಕೊಂಡು ಬಂದರು. “ಕಾರ್ಯಕ್ರಮ ನಡೀತಾ ಉಂಟು, ಪುಸ್ತಕ ಓದ್ತೀಯಾ? ನಾಚಿಕೆ ಆಗುದಿಲ್ವಾ?” ಎಂದು ಪುಸ್ತಕ ಕಿತ್ತುಕೊಂಡು ಹೋದರು. ವೇದಿಕೆಯಲ್ಲಿ, “ಮಕ್ಕಳ ಕೈಗೆ ಪುಸ್ತಕ ಕೊಡಿ!” ಎಂದರು. ಚಪ್ಪಾಳೆ. ಪುಸ್ತಕ ಕಿತ್ತುಕೊಂಡವರೂ ತಟ್ಟಿದರು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು.

ಆಮೇಲೆ ನಡೆದದ್ದು ಇನ್ನೂ ಚೆಂದ. ಹತ್ತು ನಿಮಿಷ ಕಳೆದು ತಿರುಗಿ ನೋಡುತ್ತೇನೆ, ಟೀಚರು ವ್ಯಾನಿಟಿ ಬ್ಯಾಗಿನ ಮರೆಯಲ್ಲಿ ಅದೇ ಪುಸ್ತಕ ಓದುತ್ತಿದ್ದಾರೆ. ಅವರೂ ನಕ್ಕರು. ಹುಡುಗಿ ನಕ್ಕ ಪುಟವೇ ಇರಬೇಕು. ಪಾಪ, ಅವರಿಗೆ ಹೇಳಲಿಕ್ಕೆ ಟೀಚರು ಯಾರೂ ಇರಲಿಲ್ಲ.

ಹನ್ನೆರಡೂವರೆಗೆ ಹೊರಗೆ ಬಂದೆ. ಪುಸ್ತಕ ಮಳಿಗೆಯಲ್ಲಿ ನನ್ನ ಪುಸ್ತಕ ಹುಡುಕಿದರೆ ಇಲ್ಲ. ಮಕ್ಕಳ ಪುಸ್ತಕ ಎಂದರೆ 32 ಪುಟ, ನಡುವೆ ಎರಡು ಪಿನ್. ಅದಕ್ಕೆ ಬೆನ್ನಿಲ್ಲ. ಬೆನ್ನಿಲ್ಲದ ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸಿದರೆ ಹೆಸರು ಕಾಣುವುದಿಲ್ಲ, ಅಡ್ಡ ಮಲಗಿಸಿದರೆ ಜಾಗ ಸಾಕಾಗುವುದಿಲ್ಲ. ಹಾಗಾಗಿ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿದ್ದರು. ಒಳ್ಳೆಯದೇ ಆಯಿತು. ಮಕ್ಕಳ ಕೈಗೆ ಎಟುಕುವ ಎತ್ತರ ಇಡೀ ಉತ್ಸವದಲ್ಲಿ ಅದೊಂದೇ.

ಒಬ್ಬ ತಂದೆ ನನ್ನ ಪುಸ್ತಕ ತೆಗೆದು ತಿರುವಿ ಹಾಕಿದರು. ಶೀತವಾದ ಒಂದು ಕಪ್ಪೆಯ ಕಥೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅದರ ಸ್ವರ ಬಿದ್ದುಹೋಗುತ್ತದೆ, ಕಷಾಯ ಕುಡಿದು ಸರಿಯಾಗುತ್ತದೆ.

“ಇದರಲ್ಲಿ ನೀತಿ ಎಂತ ಉಂಟು?” ಕೇಳಿದರು.

“ಶೀತ ಆದರೆ ಕಷಾಯ ಕುಡಿಯಬೇಕು.”

“ಜನರಲ್ ನಾಲೆಜ್?”

“ಕರಿಮೆಣಸು, ಜೀರಿಗೆ, ಕೊತ್ತಂಬರಿ.”

“ಎಷ್ಟು?”

“60 ರೂಪಾಯಿ.”

“32 ಪುಟಕ್ಕಾ!” ಎಂದು ಪುಸ್ತಕ ಪೆಟ್ಟಿಗೆಗೆ ಹಾಕಿ, ಪಕ್ಕದ ಅಂಗಡಿಯಲ್ಲಿ ಮಗನಿಗೆ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದರು. ಅದಕ್ಕೆ ಎಷ್ಟು ಪುಟ ಎಂದು ಅವರು ಕೇಳಲಿಲ್ಲ.

ಊಟಕ್ಕೆ ಕೂಪನ್. ಅತಿಥಿಗಳಿಗೆ ಹಳದಿ, ಮಕ್ಕಳಿಗೆ ನೀಲಿ. ಹಳದಿಯವರಿಗೆ ಬಾಳೆ ಎಲೆ, ಮಟ್ಟುಗುಳ್ಳ ಬದನೆಯ ಹುಳಿ, ಎರಡು ಪಾಯಸ. ನೀಲಿಯವರಿಗೆ ಪೊಟ್ಟಣದಲ್ಲಿ ಚಿತ್ರಾನ್ನ. ಕೌಂಟರಿನ ಹುಡುಗ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ “ಮಕ್ಕಳ” ಎಂದು ಇದ್ದದ್ದು ನೋಡಿ ನೀಲಿ ಕೊಟ್ಟ. ಮಟ್ಟುಗುಳ್ಳದ ಹುಳಿಯ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಜಗಳ ಮಾಡಬಹುದಿತ್ತು. ಆದರೆ ನಾನು ಮಕ್ಕಳ ಸಾಹಿತಿ ಅಲ್ಲ ಎಂದು ವಾದ ಮಾಡಿದರೆ ಗೋಷ್ಠಿಯಿಂದಲೂ ತೆಗೆದಾರು ಎಂದು ಸುಮ್ಮನಾದೆ.

ಮರದ ಕಟ್ಟೆಯಲ್ಲಿ ಮಕ್ಕಳ ನಡುವೆ ಚಿತ್ರಾನ್ನ ಬಿಚ್ಚಿದೆ. ನೀವು ಯಾರು ಎಂದು ಕೇಳಿದರು. ಕಪ್ಪೆಯ ಕಥೆ ಬರೆದವ ಎಂದೆ. ಹೇಳಿ ಎಂದರು. ಹೇಳಿದೆ. ಒಂಬತ್ತು ಜನ ಇದ್ದದ್ದು ಇಪ್ಪತ್ತಾದರು. ಕಪ್ಪೆ ಕಷಾಯ ಕುಡಿಯುವ ಜಾಗ ಬಂದಾಗ ಕನ್ನಡಕದ ಒಬ್ಬ ಹುಡುಗ ಕೈ ಎತ್ತಿದ.

“ಅಂಕಲ್, ಕಪ್ಪೆ ಬಾಯಿಯಲ್ಲಿ ನೀರು ಕುಡಿಯುದಿಲ್ಲ. ಚರ್ಮದಲ್ಲಿ ಎಳ್ಕೊಳ್ತದೆ. ಮತ್ತೆ ಕಷಾಯ ಹೇಗೆ ಕುಡಿದದ್ದು?”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪುಸ್ತಕ ಬಂದು ಮೂರು ವರ್ಷ. ಎರಡು ವಿಮರ್ಶೆ ಬಂದಿದೆ. ಒಂದರಲ್ಲಿ “ಗ್ರಾಮೀಣ ಸೊಗಡು” ಎಂದಿತ್ತು, ಇನ್ನೊಂದರಲ್ಲಿ “ಕಾಗುಣಿತ ತಪ್ಪಿಲ್ಲ” ಎಂದಿತ್ತು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

“ಹಾಗಾದರೆ ಎಂತ ಮಾಡುದು?” ಎಂದು ಅವನನ್ನೇ ಕೇಳಿದೆ.

ಅವನು ಯೋಚಿಸಿದ. ಪಕ್ಕದ ಸಣ್ಣ ಹುಡುಗಿ, “ಕಷಾಯದ ಪಾತ್ರೆಯಲ್ಲಿ ಕೂತ್ಕೊಳ್ಲಿ,” ಎಂದಳು. ಬಿಸಿ ಇದ್ದರೆ ಕಪ್ಪೆ ಬೇಯುತ್ತದೆ ಎಂದು ಇನ್ನೊಬ್ಬ. ಆರಿಸಿ ಕೊಡಬೇಕು, ಅಜ್ಜಿ ಎರಡು ಲೋಟದಲ್ಲಿ ಮೇಲೆ ಕೆಳಗೆ ಹೊಯ್ಯುವ ಹಾಗೆ ಎಂದು ಮತ್ತೊಬ್ಬ. ಆ ಅಜ್ಜಿ ಕಥೆಯಲ್ಲಿ ಇಲ್ಲವಲ್ಲ ಎಂದರೆ, “ಹಾಕಿ,” ಎಂದರು. ಕೈ ಒರೆಸಿಕೊಂಡು ನೀಲಿ ಕೂಪನ್ನಿನ ಹಿಂದೆ ಎಲ್ಲ ಬರೆದುಕೊಂಡೆ. ಹೊಸ ಮುದ್ರಣದಲ್ಲಿ ಕಪ್ಪೆ ಕಷಾಯದ ತಪ್ಪಲೆಯಲ್ಲಿ ಕೂರುತ್ತದೆ. ಅಜ್ಜಿಯೂ ಬರುತ್ತಾರೆ.

11.30ರ ಗೋಷ್ಠಿ ಶುರುವಾದದ್ದು 3.40ಕ್ಕೆ. ಶಾಲೆಯ ಬಸ್ಸುಗಳು ಹೊರಟದ್ದು 3.30ಕ್ಕೆ. ಕಿಟಕಿಯಿಂದ ಮಕ್ಕಳು ನನಗೆ ಕೈ ಬೀಸಿದರು. ಟೀಚರ ಕಂಕುಳಲ್ಲಿ ಪುಸ್ತಕ ಇನ್ನೂ ಇತ್ತು.

ಹಾಗೆ ಮಕ್ಕಳ ಸಾಹಿತ್ಯದ ಗೋಷ್ಠಿ ಮಕ್ಕಳ ಕಿರಿಕಿರಿ ಇಲ್ಲದೆ ಸಾಂಗವಾಗಿ ನಡೆಯಿತು. ಸಭೆಯಲ್ಲಿ ಹನ್ನೊಂದು ಜನ. ಅದರಲ್ಲಿ ನಾಲ್ಕು ಮಂದಿ ಮುಂದಿನ ಕವಿಗೋಷ್ಠಿಯ ಕವಿಗಳು, ಜಾಗ ಹಿಡಿಯಲು ಬಂದವರು. ಇಬ್ಬರು ನಿದ್ದೆಯಲ್ಲಿ. ವೇದಿಕೆಯಲ್ಲಿ ಅಧ್ಯಕ್ಷತೆಗೆ ನಿವೃತ್ತ ಪ್ರೊಫೆಸರು, ಹಳಗನ್ನಡದ ವಿದ್ವಾಂಸರು. ಒಬ್ಬರು ಮಾನಸಿಕ ತಜ್ಞರು. ಒಬ್ಬರು ಕೋಚಿಂಗ್ ಸೆಂಟರಿನ ಮಾಲೀಕರು, ಪ್ರಾಯೋಜಕರೂ ಹೌದು. ಮತ್ತೆ ನಾನು. ಮಕ್ಕಳಿಗೆ ಕಥೆ ಓದಲು ಸಮಯ ಯಾಕೆ ಇಲ್ಲ ಎಂಬ ಬಗ್ಗೆ ಕೋಚಿಂಗಿನವರು ಇಪ್ಪತ್ತು ನಿಮಿಷ ಮಾತಾಡಿದರು. ಆ ವಿಷಯದಲ್ಲಿ ಅವರಿಗಿಂತ ಅಧಿಕಾರಯುತವಾಗಿ ಮಾತಾಡುವವರು ಜಿಲ್ಲೆಯಲ್ಲೇ ಇಲ್ಲ.

ಅಧ್ಯಕ್ಷರು ನನ್ನನ್ನು ಪರಿಚಯಿಸಿದರು: “ಇವರು ಬಹಳ ಕಾಲದಿಂದ ಮಕ್ಕಳ ಸಾಹಿತ್ಯ ಬರೆಯುತ್ತಿದ್ದಾರೆ. ಮುಂದಿನ ದಿನಗಳಲ್ಲಿ ಸಾಹಿತ್ಯವನ್ನೂ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.”

ಆಮೇಲೆ ಪಂಜೆಯವರು ಬಂದರು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಪಂಜೆ ಮಂಗೇಶರಾಯರ ಹೆಸರು ಹೇಳದೆ ಮಕ್ಕಳ ಸಾಹಿತ್ಯದ ಮಾತು ಶುರು ಮಾಡುವ ಹಾಗಿಲ್ಲ, ಗಣಪತಿಗೆ ತೆಂಗಿನಕಾಯಿ ಇಟ್ಟ ಹಾಗೆ. “ಇದು ಪಂಜೆಯವರ ನಾಡು,” ಎಂದರು ಅಧ್ಯಕ್ಷರು. ಹನ್ನೊಂದು ಜನ ತಲೆದೂಗಿದರು, ನಿದ್ದೆಯವರೂ ಸೇರಿ.

ನನಗೆ ಅಲ್ಲೇ ಕೂತು ಒಂದು ಯೋಚನೆ ಬಂತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಆ ಮನುಷ್ಯ ಶಾಲೆ ಶಾಲೆ ಸುತ್ತುವ ಇನ್‌ಸ್ಪೆಕ್ಟರ್ ಆಗಿದ್ದವರು. ಹಾವು, ಇಲಿ, ಗಾಳಿ ಎಂದು ಬರೆದವರು. ಹೆಸರನ್ನೂ ಸಣ್ಣದು ಮಾಡಿಕೊಂಡು ಕವಿಶಿಷ್ಯ ಎಂದು ಇಟ್ಟುಕೊಂಡವರು. ಅಂಥವರನ್ನು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ಹಾವಿನ ಮೇಲೆ ಪದ್ಯ ಬರೆದವನು ಸಾಹಿತಿ ಹೌದೋ ಅಲ್ಲವೋ ಎಂಬ ಚರ್ಚೆ ಅವರನ್ನು ತಡೆಯಲಿಲ್ಲ. ಈಗ ಅವರು ಇದ್ದು ಇಲ್ಲಿಗೆ ಬಂದಿದ್ದರೆ? ಗೇಟಿನಲ್ಲಿ “ಅವರಿಗಲ್ಲ!” ಎನ್ನುತ್ತಿದ್ದರು. ನೀಲಿ ಕೂಪನ್ ಸಿಗುತ್ತಿತ್ತು. ಕಟ್ಟೆಯಲ್ಲಿ ಪಕ್ಕ ಕೂತು ಚಿತ್ರಾನ್ನ ತಿನ್ನಲಿಕ್ಕೆ ನನಗೊಬ್ಬರು ಜೊತೆ ಆಗುತ್ತಿದ್ದರು.

ಕೋಟದ ಶಿವರಾಮ ಕಾರಂತರ ಹೆಸರೂ ಬಂತು. ಮಕ್ಕಳಿಗೋಸ್ಕರ ಮೂರು ದಪ್ಪ ಸಂಪುಟಗಳ ವಿಶ್ವಕೋಶ ಬರೆದವರು, ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳನ್ನು ಕುಣಿಸಿದವರು. ಈ ಗೋಷ್ಠಿಯನ್ನು ನೋಡಿದ್ದರೆ ಕಾರಂತರು ಏನು ಹೇಳುತ್ತಿದ್ದರು ಎಂದು ಊಹಿಸಬಲ್ಲೆ. ಬರೆಯುವ ಧೈರ್ಯ ಇಲ್ಲ.

ನನ್ನ ಸರದಿ ಬಂದಾಗ ಚೀಟಿ ಬಂತು: “4 ನಿಮಿಷ.” ಕಪ್ಪೆಯ ಕಥೆ ಓದಿದೆ. ಪ್ರಶ್ನೆ ಕೇಳಲು ಅವಕಾಶ ಎಂದರು. ಕವಿಗೋಷ್ಠಿಯ ಒಬ್ಬರು ಎದ್ದರು.

“ಈ ಕಪ್ಪೆಯ ಮೌನ ಯಾವ ವರ್ಗದ ಮೌನ?”

“ಶೀತ,” ಎಂದೆ.

“ಅದು ಸರಿ. ಆದರೆ ಕಪ್ಪೆಗೆ ಹಸಿರು ಬಣ್ಣವನ್ನೇ ಯಾಕೆ ಆಯ್ದುಕೊಂಡಿರಿ?”

ಸಭೆ ಸ್ತಬ್ಧ. ನಿದ್ದೆಯಲ್ಲಿದ್ದ ಇಬ್ಬರೂ ಎಚ್ಚರ. ನಮ್ಮ ಊರಿನಲ್ಲಿ ಬಣ್ಣದ ವಿಷಯ ಸ್ವಲ್ಪ ನಾಜೂಕು. ಚಿತ್ರ ಬರೆದವರ ಹತ್ತಿರ ಆ ದಿನ ಅದೇ ಬಣ್ಣ ಜಾಸ್ತಿ ಇತ್ತು ಎಂದೆ. ಅಧ್ಯಕ್ಷರು ಗಡಿಬಿಡಿಯಲ್ಲಿ, ಸಮಯದ ಅಭಾವದಿಂದ ಚರ್ಚೆಯನ್ನು ಇಲ್ಲಿಗೆ ಮುಗಿಸೋಣ ಎಂದರು. ಅದುವರೆಗೆ ಇಲ್ಲದ ಸಮಯದ ಅಭಾವ ತಟ್ಟನೆ ಬಂತು.

ಸನ್ಮಾನ. ಶಾಲು ಹೊದಿಸಿದರು. ಪೇಟ ತೊಡಿಸುವ ಹೊತ್ತಿಗೆ ಸಂಘಟಕರ ಮುಖ ಸಣ್ಣದಾಯಿತು. ದೊಡ್ಡವರ ಪೇಟ ಬೆಳಿಗ್ಗೆಯೇ ಖಾಲಿ. ಬೆಳಗ್ಗಿನ ನೃತ್ಯಕ್ಕೆ ಬಾಡಿಗೆಗೆ ತಂದ ಮಕ್ಕಳ ಪೇಟ ಒಂದು ಉಳಿದಿತ್ತಂತೆ. ಅದನ್ನೇ ತಂದರು. ನನ್ನ ತಲೆಯ ಮೇಲೆ ಅದು ಗೇರುಹಣ್ಣಿನ ತುದಿಗೆ ಬೀಜ ಅಂಟಿದ ಹಾಗೆ ಕೂತಿತು. ಫೋಟೋಗ್ರಾಫರು, “ಅಲ್ಲಾಡ್ಬೇಡಿ ಮಾಷ್ಟ್ರೆ, ಬೀಳ್ತದೆ,” ಎಂದರು. ಫೋಟೋ ತೆಗೆದ ಕೂಡಲೇ ವಾಪಸು ತೆಗೆದುಕೊಂಡರು, ಬಾಡಿಗೆಯದ್ದಲ್ವಾ.

ಸ್ಮರಣಿಕೆ ಮಾತ್ರ ಭರ್ಜರಿ. ಗಾಜಿನ ಪೆಟ್ಟಿಗೆಯೊಳಗೆ ಯಕ್ಷಗಾನದ ಕಿರೀಟ, ಎರಡು ಕೈ ಬೇಕು ಹಿಡಿಯಲಿಕ್ಕೆ. ಒಂದು ಹಣ್ಣಿನ ಬುಟ್ಟಿ. ಮೇಲೆ ಎರಡು ಸೇಬು, ಒಂದು ಮುಸುಂಬಿ, ಕೆಳಗೆಲ್ಲ ಬೈಹುಲ್ಲು. ಲಕೋಟೆಯಲ್ಲಿ ಸಾವಿರ ರೂಪಾಯಿ. ಉಳಿದವರಿಗೆ ಎರಡು ಸಾವಿರವಂತೆ. “ನಿಮ್ಮದು ಅರ್ಧ ದಿನ ಅಲ್ವಾ ಮಾಷ್ಟ್ರೆ,” ಎಂದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ನಾನು ಅರ್ಧ ದಿನ ಅಲ್ಲಿದ್ದೆ. ಇನ್ನು ಬಸ್ಸಿನ ಟಿಕೆಟ್ಟು. ಜೇಬಿನಲ್ಲಿ ಹುಡುಕಿದರೆ ಕಷಾಯದ ಟಿಪ್ಪಣಿ ಬರೆದ ನೀಲಿ ಕೂಪನ್ ಮಾತ್ರ ಸಿಕ್ಕಿತು. ಅದಕ್ಕೆ ದುಡ್ಡು ಬರುವುದಿಲ್ಲ ಎಂದರು.

ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿದೆ. ಅದೃಷ್ಟಕ್ಕೆ ಎರಡು ಸೀಟು ಖಾಲಿ. ಕಿಟಕಿ ಬದಿಯಲ್ಲಿ ಕಿರೀಟವನ್ನು ಕೂರಿಸಿ, ಪಕ್ಕದಲ್ಲಿ ಬುಟ್ಟಿ ಹಿಡಿದುಕೊಂಡು ನಾನು ಕೂತೆ. ಕಟಪಾಡಿ ದಾಟುವಾಗ ಕಂಡಕ್ಟರ್ ಬಂದ. ನನ್ನದು ಒಂದು ಟಿಕೆಟ್ ಹರಿದ. ಆಮೇಲೆ ಕಿರೀಟವನ್ನು ನೋಡಿದ.

“ಇದಕ್ಕೆ?”

“ಅದು ಸನ್ಮಾನದ್ದು ಮಾರಾಯ. ಗಾಜು. ಕೆಳಗಿಟ್ಟರೆ ಒಡೆಯುತ್ತದೆ.”

“ಸೀಟಿನಲ್ಲಿ ಕೂತದ್ದಲ್ವಾ? ಹೋಗ್ಲಿ, ಅರ್ಧ ಟಿಕೆಟ್ ಮಾಡಿ.”

ಮಾಡಿದೆ. ಚಿಲ್ಲರೆ ಕೊಡುತ್ತಾ, “ಎಂತದಕ್ಕೆ ಸನ್ಮಾನ?” ಎಂದು ಕೇಳಿದ.

“ಮಕ್ಕಳ ಕಥೆ ಬರೀತೇನೆ.”

“ಓ, ಮಾಷ್ಟ್ರಾ,” ಎಂದು ಮುಂದಿನ ಸೀಟಿಗೆ ಹೋದ.